ಚಿಲಕ

ಮೊದಲನೇ ರಾತ್ರಿ ಅಕಿ ಕೇಳಿದ್ದು
ಊಟ ಅಲ್ಲ, ಹಾಸಿಗಿ ಅಲ್ಲ.
ಬಾಗಲಾ ಹಿಂದ ಮುಂದ ಎಳದು ನೋಡಿ
"ಚಿಲಕ ಯಾ ಕಡಿ ಅದ, ಅಕ್ಕಾ?" ಅಂದ್ಳು.

ಯಾದಗಿರಿ ಸ್ಟೇಷನ್ನಿನ ಹಿಂದ ನಮ್ಮ ಈ ಕಟ್ಟಡ.
ಮೊದಲು ಇದರಾಗ ಗೊಬ್ಬರದ ಚೀಲ ಒಟ್ಟತಿದ್ರು.
ಚೀಲಕ್ಕ ಒಳಗಿನ ಚಿಲಕ ಯಾಕ ಬೇಕು?
ಹೊರಗೇ ಇತ್ತು.
ರಾತ್ರಿ ಪಾಳಿಗೆ ನಾ ಬರಲಾಕತ್ತು ಒಂಬತ್ತು ವರ್ಷ.
ಎಷ್ಟು ಹುಡಿಗ್ಯಾರು ಬಂದ್ರು, ಹೋದ್ರು,
ಚಿಲಕದ ಕಡಿ ನಂದು ಕಣ್ಣೇ ಹೋಗಿದ್ದಿಲ್ಲ.

"ಹೊರಗ ಅದ, ತಂಗಿ."

ಅಕಿ ಏನೂ ಅನಲಿಲ್ಲ.
ಒಳಗಿಂದ ಬಾಗಲಕ್ಕ ಬೆನ್ನು ಹಚ್ಚಿ
ಶಹಾಬಾದ ಫರಸಿ ಮ್ಯಾಲ ಕುಂತೇ ಬೆಳಕ ಹರಿಸಿದ್ಳು.
ಹನ್ನೊಂದಕ್ಕೊಂದು, ಮೂರಕ್ಕೊಂದು
ಮುಂಬೈ ಕಡಿ ಗಾಡಿ ಹೋಗ್ತಾವ.
ಎರಡೂ ಸಲ ಬಾಗಲಾ ನಡುಗಿತು.
ಗಾಡಿಗೋ, ಅಕಿ ಬೆನ್ನಿಗೋ,
ಈ ಕಡಿ ಕುರ್ಚಿ ಮ್ಯಾಲಿದ್ದ ನನಗ ತಿಳೀಲಿಲ್ಲ.

ಮರುದಿನದಿಂದ ಪ್ರಶ್ನಾ ಸುರು ಆದ್ವು.
ಕರಕೊಂಡು ಹೋದವ ಯಾರು, ಕಿರಾಯಾ ಯಾರು ಕೊಟ್ರು,
ಪುಣೆದಾಗ ಆ ಮನಿಗೆ ಎಷ್ಟು ಮೆಟ್ಟಲಾ.
ಪೊಲೀಸಮ್ಮ ಕೇಳಿದ್ಳು, ಡಾಕ್ಟರಮ್ಮ ಕೇಳಿದ್ಳು, ಸಮಿತಿಯವರು ಕೇಳಿದ್ರು.
"ಇಪ್ಪತ್ತೆರಡು" ಅಂದ್ಳು ಎಲ್ಲಾರಿಗೂ.
ಕಾಗದದಾಗ ಅಕಿ ಹೆಸರು ಬರಿಯಂಗಿಲ್ಲ,
ಕಾನೂನು ಹಂಗ ಅದ, ಛಲೋನೇ ಅದ.
ಖರೇ, ಕೋರ್ಟಿನ ಕಟ್ಟಿ ಮ್ಯಾಲ ಕುಂತಾಗ
"ಸಂತ್ರಸ್ತೆ" ಅಂತ ಯಾರೋ ಅಂದ್ರು.
ಅಕಿ ತಿರಗಲಿಲ್ಲ.
ನಾ ತಿರಗಿದೆ.

ನಾ ಅಕಿಗೆ ಏನೂ ಕೇಳಲಿಲ್ಲ.
ದೊಡ್ಡ ಗುಣ ಅಂತಲ್ಲ,
ಅಂಜಿಕಿ.
ರೊಟ್ಟಿ, ಪುಂಡಿಪಲ್ಯ ಇಟ್ಟು ಎದರಿಗೆ ಕುಂಡರ್ತಿದ್ದೆ.
ತಿಂದಷ್ಟು ತಿಂತಿದ್ಳು.

"ಒಳಗ ಹಾಕ್ಕೊಂಡು ಏನರೆ ಮಾಡ್ಕೊಂಡ್ರ?"
ಅಂದ್ರು ಕಸ್ತೂರಿ ಮೇಡಂ. "ಜವಾಬ್ದಾರಿ ಯಾರದು?"
ಅವರ ಮಾತೂ ಸುಳ್ಳಲ್ಲ.
ಹಿಂದಿನ ಬ್ಯಾಸಗಿಯಾಗ ಏನಾಗಿತ್ತು, ಇಬ್ಬರಿಗೂ ಗೊತ್ತದ.
ಕಡೀಕ ಒಂದು ಮಾತಿಗೆ ಬಂದ್ವಿ:
ತಾಸಿಗೊಮ್ಮೆ ನಾ ಒಂದು ಬಟ್ಟಿಲೆ ಬಾಗಲಾ ಬಡೀಬೇಕು,
ಒಳಗಿಂದ ಅಕಿ ತಿರಗಿ ಬಡೀಬೇಕು.
ಅಷ್ಟೇ. ಮಾತಿಲ್ಲ.

ಐತವಾರ ಬಡಿಗ್ಯಾರ ಮೌನೇಶ ಬಂದ.
ಗಂಡಸರು ಬಂದ್ರ ಎಲ್ಲಾರೂ ಅಡಗಿಮನಿಗೆ ಹೋಗೋದು ರಿವಾಜು.
ಅಕಿ ಹೋಗಲಿಲ್ಲ.
ಮೂಲ್ಯಾಗ ನಿಂತು ಅವನ ಕೈ ಅಷ್ಟೇ ನೋಡಿದ್ಳು.
ಡ್ರಿಲ್ ಸಪ್ಪಳಕ್ಕ ಕಣ್ಣು ಮುಚ್ಚಿದ್ಳು, ತಗದ್ಳು.
ಒಂದು ಸ್ಕ್ರೂ ಉರಳಿ ಅಕಿ ಕಾಲ ಹತ್ತರ ಬಂದು ನಿಂತಿತು.
ಬಗ್ಗಿ ತಗೊಂಡ್ಳು. ಕೈಗೆ ಕೊಡಲಿಲ್ಲ,
ಫರಸಿ ಮ್ಯಾಲಿಟ್ಟು ಅವನ ಕಡಿ ಜಾರಿಸಿದ್ಳು.
"ಛಲೋ ಆಯ್ತವ್ವಾ" ಅಂದ ಮೌನೇಶ,
ತಲಿ ಎತ್ತದೇ, ಫರಸಿಗೆ ಹೇಳಿದಂಗ.

ಹಳೇ ಚಿಲಕದ ನಾಕು ತೂತು ಆರಪಾರ ಉಳದ್ವು.
ಮೂರಕ್ಕ ಅಕಿ ಸಾಬೂನು ಮೆತ್ತಿದ್ಳು.
ಒಂದು ಯಾಕ ಬಿಟ್ಳೋ.

ಆ ರಾತ್ರಿ ಖಟ್ ಅಂತ ಚಿಲಕ ಬಿತ್ತು.
ತಗೀತು. ಮತ್ತ ಬಿತ್ತು. ಮತ್ತ ತಗೀತು.
ಎಣಸಲಾಕ ಹೋಗಿ ನಾ ತಪ್ಪಿದೆ.
ಜಗತ್ತಿನಾಗಿಂದು ಒಂದು ವಸ್ತು
ಅಕಿ ಹೇಳಿದಂಗ ಕೇಳಿದ್ದು
ಅದೇ ಮೊದಲೇನೋ.

ತಾಸಿಗೊಮ್ಮೆ ಬಡದೆ. ಬಡದ್ಳು.
ಬಡದೆ. ಬಡದ್ಳು.
ಹಿಂಗ ಹನ್ನೆರಡು ರಾತ್ರಿ.
ನಡುವ ಎರಡು ತಾರೀಖು ಬಿದ್ವು.
ಒಂದಕ್ಕ ವಕೀಲ ಬರಲಿಲ್ಲ,
ಇನ್ನೊಂದಕ್ಕ ಸಾಹೇಬರು ರಜಾ.

ಹದಿಮೂರನೇ ರಾತ್ರಿ, ಮೂರರ ಗಾಡಿ ಹೋದ ಮ್ಯಾಲ
ಬಡದೆ.
ಏನಿಲ್ಲ.
ಮತ್ತ ಬಡದೆ.
ಎದಿ ಬಾಯಿಗೆ ಬಂತು.
ಸಾಬೂನು ಮೆತ್ತದ ಆ ಒಂದು ತೂತಿಗೆ ಕಿವಿ ಹಚ್ಚಿದೆ.

ಗೊರಕಿ.
ದಿನವಿಡೀ ಗಳೇ ಹೊಡದು ಬಂದವರದಿರ್ತದಲ್ಲ,
ಅಂಥಾದ್ದು,
ನಾಚಿಕಿಲ್ಲದ ಗೊರಕಿ.

ಕುರ್ಚಿಗೆ ಬಂದು ಕುಂತೆ.
ಡ್ಯೂಟಿ ಬುಕ್ಕು ತಗದು ಬರದೆ:
ಮೂರು ಗಂಟೆ ಹತ್ತು ನಿಮಿಷ. ಉತ್ತರ ಬರಲಿಲ್ಲ.
ಎಲ್ಲಾ ಛಲೋ ಅದ.